ಯಾವ ದಿನದ ವಿಮಾನ? ಹಳೆಯ ಯುದ್ಧವಿಮಾನಗಳ ಪಕ್ಕನೋಟ ಬರೆಯುವ ಬಗ್ಗೆ ಮಡಿಕೇರಿಯಲ್ಲಿ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿ ಆಯಿತು. ಕರೆಂಟ್ ಇರುವಷ್ಟು ಹೊತ್ತು ಪರದೆ ಮೇಲೆ ತೋರಿಸುತ್ತೇನೆ. ಹೋದರೆ ಬಾಯಿಮಾತಲ್ಲೇ ಮುಂದುವರಿಸೋಣ.

ಪ್ರೊಫೈಲ್ ಚಿತ್ರ ಅಂದರೆ ವಿಮಾನವನ್ನು ಸರಿಯಾಗಿ ಪಕ್ಕದಿಂದ ನೋಡಿ ಬರೆದ ಚಿತ್ರ. ಮೋಡ ಇಲ್ಲ, ಹೊಗೆ ಇಲ್ಲ, ಗುಂಡಿನ ಸುರಿಮಳೆ ಇಲ್ಲ. ಬಿಳಿ ಹಿನ್ನೆಲೆಯಲ್ಲಿ ಒಂದು ವಿಮಾನ, ಸಾಮಾನ್ಯವಾಗಿ ಮೂತಿ ಎಡಕ್ಕೆ. ಕೆಳಗೆ ಒಂದು ಸಾಲು: ಯಾವ ವಿಮಾನ, ಯಾವ ಸ್ಕ್ವಾಡ್ರನ್, ಎಲ್ಲಿ, ಯಾವಾಗ. ಚಿತ್ರ ಬರೆಯುವುದಕ್ಕಿಂತ ಆ ಒಂದು ಸಾಲು ಬರೆಯುವುದೇ ಕಷ್ಟ. ಇವತ್ತು ನಾನು ಹೇಳಬೇಕೆಂದಿರುವುದೂ ಹೆಚ್ಚುಕಡಿಮೆ ಅದನ್ನೇ.

ಕೊಡಗಿನಲ್ಲಿ ಈ ಕೆಲಸ ಮಾಡುವವರಿಗೆ ಮೊದಲು ಬರುವ ಬೇಡಿಕೆ ಯಾವುದು ಅಂತ ನೀವೇ ಊಹಿಸಬಹುದು. "ದೇವಯ್ಯನವರ ವಿಮಾನ ಬರೆದುಕೊಡಿ." ಮಡಿಕೇರಿಯಲ್ಲಿ ಅವರ ಪ್ರತಿಮೆ ನೋಡದವರು ಇಲ್ಲಿ ಯಾರೂ ಇರಲಾರರು. ಆದರೂ ಮಕ್ಕಳಿಗಾಗಿ ಚುಟುಕಾಗಿ ಹೇಳುತ್ತೇನೆ. 1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳ ದಾಳಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಆ ದಿನ ಮೀಸಲು ಪೈಲಟ್. ಒಂದು ವಿಮಾನ ಹಿಂದೆ ಉಳಿದಾಗ ಅದರ ಜಾಗಕ್ಕೆ ಇವರು ಹೋದರು. ಎದುರಾದದ್ದು ಎಫ್-104 ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟುತ್ತಿರಲಿಲ್ಲ. ಆದರೂ ಸ್ಟಾರ್‌ಫೈಟರ್ ಬಿತ್ತು. ದೇವಯ್ಯ ಮರಳಲಿಲ್ಲ. ಅಲ್ಲಿ ನಡೆದದ್ದು ನಮ್ಮ ಕಡೆಗೆ ಸ್ಪಷ್ಟವಾಗಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಮಿಸ್ಟೇರ್ ಉದ್ದ ಸುಮಾರು 12.85 ಮೀಟರ್. ಸ್ಟಾರ್‌ಫೈಟರ್ 16.7 ಮೀಟರ್ ಹತ್ತಿರ. ಎರಡನ್ನೂ ಒಂದೇ ಅಳತೆಯಲ್ಲಿ ಮೇಲೆ ಕೆಳಗೆ ಇಟ್ಟು ಬರೆಯಿರಿ. ಒಂದು ಸೂಜಿಯ ಹಾಗೆ ಉದ್ದ, ಇನ್ನೊಂದು ಮೂತಿಯಲ್ಲಿ ಬಾಯಿ ತೆರೆದುಕೊಂಡ ಮೋಟು ದೇಹ. ಬೇರೆ ವಿವರಣೆ ಬೇಕಾಗುವುದಿಲ್ಲ.

ಆದರೆ ದೇವಯ್ಯನವರು ಆ ದಿನ ಹಾರಿಸಿದ ಅದೇ ವಿಮಾನ ಬೇಕು ಅಂದಾಗ ಪ್ರಶ್ನೆ ಬೇರೆಯಾಗುತ್ತದೆ. ಭಾರತಕ್ಕೆ ಮಿಸ್ಟೇರ್ ಬಂದದ್ದು 1957ರಲ್ಲಿ. ಸುಲಭವಾಗಿ ಸಿಗುವ ಒಳ್ಳೆಯ ಫೋಟೋಗಳು ಶಾಂತಿಕಾಲದವು. ತೊಳೆದು ಒರೆಸಿದ ಬೆಳ್ಳಿ ಮೈ, ಸಾಲಾಗಿ ನಿಲ್ಲಿಸಿದ ವಿಮಾನಗಳು. ಯುದ್ಧ ಬಂದರೆ ವಾಯುನೆಲೆಯಲ್ಲಿ ಬ್ರಷ್ ಕೈಗೆ ಬರುತ್ತದೆ. 1971ರಲ್ಲಿ ನೋಡಿ, ನಮ್ಮ ಮಿಗ್-21ಗಳಿಗೆ ಒಂದೊಂದು ಸ್ಕ್ವಾಡ್ರನ್ ಒಂದೊಂದು ರೀತಿ ಹಸಿರು, ಕಂದು ಬಳಿಯಿತು. ಹಾಗಾಗಿ ಮುಂಚಿನ ವರ್ಷದ ಫೋಟೋ ಯುದ್ಧದ ದಿನಕ್ಕೆ ಸಾಕ್ಷಿ ಅಲ್ಲ. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿ ಒಂದು ಮಿಸ್ಟೇರ್ ಇದೆ. ಆಕಾರಕ್ಕೆ ಅದು ಚಿನ್ನದಂಥ ಆಧಾರ. ಬಣ್ಣಕ್ಕೆ ಅಲ್ಲ. ಸಂಗ್ರಹಾಲಯದ ವಿಮಾನಕ್ಕೆ ಎಷ್ಟು ಸಲ ಬಣ್ಣ ಹೊಡೆದಿರುತ್ತಾರೋ.

ನಾನು ಮಾಡುವುದು ಇಷ್ಟೇ. ಬಾಲದ ಬಳಿಯ ನಂಬರ್ ಹಾಕುವುದಿಲ್ಲ. ಕೆಳಗೆ "ದೇವಯ್ಯ ಅವರ ವಿಮಾನ" ಎಂದು ಬರೆಯುವುದಿಲ್ಲ. "ಮಿಸ್ಟೇರ್ 4ಎ, ದೇವಯ್ಯ ಅವರು ಹಾರಿಸುತ್ತಿದ್ದ ಮಾದರಿ" ಎಂದು ಬರೆಯುತ್ತೇನೆ. ಕೆಲವರಿಗೆ ಇದು ಪಿಸುಮಾತಿನ ಹಾಗೆ ಅನಿಸುತ್ತದೆ. ಗೋಡೆಗೆ ಹಾಕುವಾಗ ನಂಬರ್ ಇದ್ದರೆ ಚಂದ ಅಲ್ವಾ ಅಂತಾರೆ. ಚಂದವೇ. ಆದರೆ ನಾಳೆ ಯಾರೋ ಅದನ್ನು ನಕಲು ಮಾಡುತ್ತಾರೆ, ಅದರಿಂದ ಇನ್ನೊಬ್ಬರು. ಹತ್ತು ವರ್ಷದಲ್ಲಿ ನನ್ನ ಊಹೆಯೇ ಇತಿಹಾಸ ಆಗಿಬಿಡುತ್ತದೆ.

ಈಗ ಗೆರೆಯ ವಿಷಯಕ್ಕೆ ಬರೋಣ. ಫೋಟೋ ಇಟ್ಟು ಅದರ ಮೇಲೆ ಸುಮ್ನೆ ಗೆರೆ ಎಳೆದರೆ ಪ್ರೊಫೈಲ್ ಆಗುವುದಿಲ್ಲ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಕ್ಯಾಮೆರಾ ಎದುರಿನ ಭಾಗ ಉಬ್ಬಿರುತ್ತದೆ, ಮೂತಿ ಬಾಲ ಕುಗ್ಗಿರುತ್ತವೆ. ಗೊತ್ತಿರುವ ಅಳತೆಗಳನ್ನು ಮೊದಲು ಹಾಳೆ ಮೇಲೆ ಗುರುತು ಹಾಕಿಕೊಳ್ಳಿ. ಒಟ್ಟು ಉದ್ದ, ಚಕ್ರದಿಂದ ಚಕ್ರಕ್ಕೆ ಇರುವ ದೂರ, ಬಾಲದ ಎತ್ತರ. ಆಮೇಲೆ ಬೇರೆ ಬೇರೆ ಫೋಟೋ ಹೊಂದಿಸಿ ನೋಡಿ. ತಂತ್ರಾಂಶಕ್ಕೆ ದುಡ್ಡು ಬೇಕಿಲ್ಲ. ಗೆರೆಗೆ ಇಂಕ್‌ಸ್ಕೇಪ್, ಬಣ್ಣಕ್ಕೆ ಕ್ರಿಟಾ ಅಥವಾ ಗಿಂಪ್. ಮೂರೂ ಉಚಿತ.

ಎಡಗಡೆ ಬರೆದು, ಅದನ್ನೇ ತಿರುಗಿಸಿ ಬಲಗಡೆ ಮಾಡುವ ಚಾಳಿ ಕೆಲವರಿಗೆ ಇದೆ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಯುದ್ಧವಿಮಾನದಲ್ಲಿ ಪೈಲಟ್ ಹತ್ತುವ ಬಾಗಿಲು ಎಡಗಡೆ ಮಾತ್ರ. ತಿರುಗಿಸಿದರೆ ಬಲಗಡೆಗೂ ಬಾಗಿಲು ಬರುತ್ತದೆ. ಅಷ್ಟೇ ಸಾಕು, ಮಾಜಿ ಸೈನಿಕರೊಬ್ಬರು ನೋಡಿದರೆ ನಿಮ್ಮ ಚಿತ್ರ ಕೆಳಗಿಟ್ಟು ಕಾಫಿ ಕುಡಿಯಲು ಹೋಗುತ್ತಾರೆ.

ಇನ್ನು ಪ್ಯಾನೆಲ್ ಗೆರೆಗಳು, ಅಂದರೆ ಮೈಯ ತಗಡುಗಳು ಕೂಡುವ ಕಡೆಯ ಗೆರೆಗಳು. ನನಗೆ ಜಾಸ್ತಿ ತಕರಾರು ಇರುವುದು ಇಲ್ಲೇ. ಹಂಟರ್ ವಿಮಾನ ತೆಗೆದುಕೊಳ್ಳಿ. ಉದ್ದ 13.98 ಮೀಟರ್. ಅದನ್ನು 7000 ಪಿಕ್ಸೆಲ್ ಉದ್ದಕ್ಕೆ ಬರೆದಿರಿ ಅಂತಿಟ್ಟುಕೊಳ್ಳಿ. ಒಂದು ಪಿಕ್ಸೆಲ್ ಅಂದರೆ ನಿಜವಾದ ವಿಮಾನದ ಮೇಲೆ 2 ಮಿಲಿಮೀಟರ್. ಎರಡು ತಗಡು ಕೂಡುವ ಸಂದು ಅಷ್ಟು ಅಗಲವೂ ಇರುವುದಿಲ್ಲ. ನೀವು ಮೂರು ಪಿಕ್ಸೆಲ್ ಅಗಲದ ಕಪ್ಪು ಗೆರೆ ಎಳೆದರೆ ಅಲ್ಲಿ 6 ಮಿಲಿಮೀಟರ್ ಬಿರುಕು ಬಿಟ್ಟ ಹಾಗೆ. ಅಂಥ ವಿಮಾನವನ್ನು ಪೈಲಟ್ ಹತ್ತುತ್ತಾರಾ? ಗೆರೆಗೆ ಕಪ್ಪು ಬೇಡ. ಮೈ ಬಣ್ಣವನ್ನೇ ಸ್ವಲ್ಪ ಗಾಢ ಮಾಡಿ, ಒಂದೇ ಪಿಕ್ಸೆಲ್, ಅದನ್ನೂ ಅರ್ಧ ಪಾರದರ್ಶಕ ಮಾಡಿ. ಅಂದ ಹಾಗೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, 7000 ಪಿಕ್ಸೆಲ್ ಅಂದರೆ 59 ಸೆಂಟಿಮೀಟರ್, ಎ2 ಹಾಳೆಯ ಉದ್ದಕ್ಕೆ ಸರಿಹೋಗುತ್ತದೆ.

ಹಂಟರ್ ಹೆಸರು ಸುಮ್ನೆ ತೆಗೆದದ್ದಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ 1965ರ ಅದೇ ಯುದ್ಧದಲ್ಲಿ 20ನೇ ಸ್ಕ್ವಾಡ್ರನ್ನಿನ ಹಂಟರ್ ಹಾರಿಸುತ್ತಿದ್ದರು. ಸೆಪ್ಟೆಂಬರ್ 22ರಂದು ಅವರ ವಿಮಾನಕ್ಕೆ ಏಟು ಬಿದ್ದು ಯುದ್ಧಕೈದಿಯಾದರು. ಹಂಟರ್ ಬರೆಯುವವರು ಮೂತಿಯ ಕೆಳಗಿನ ಉಬ್ಬು ಮರೆಯಬೇಡಿ. ಒಳಗೆ 30 ಎಂಎಂನ ನಾಲ್ಕು ತೋಪುಗಳಿವೆ. ಗುಂಡುಗಳನ್ನು ಪೋಣಿಸಿದ ಸರಪಳಿಯಿಂದ, ಗುಂಡು ಹಾರಿದ ಮೇಲೆ ಕಳಚಿ ಬೀಳುವ ಕೊಂಡಿಗಳು ಆ ಉಬ್ಬಿನಲ್ಲಿ ಸೇರುತ್ತವೆ. ಹೊರಗೆ ಬಿಟ್ಟರೆ ಮೈಗೆ ಬಡಿದು ಹಾಳು ಮಾಡುತ್ತವೆ ಅಂತ ಆ ಏರ್ಪಾಡು. ಒಂದು ಉಬ್ಬು ಯಾಕಿದೆ ಅಂತ ಗೊತ್ತಿದ್ದರೆ ಕೈ ತಾನಾಗಿ ಅದನ್ನು ಸರಿಯಾದ ಜಾಗದಲ್ಲಿ ಬರೆಯುತ್ತದೆ.

ಹಂಟರ್ ಬಣ್ಣ ಸುಲಭ, ಗಾಢ ಹಸಿರು ಮತ್ತು ಗಾಢ ಬೂದು. ಬ್ರಿಟಿಷ್ ಬಣ್ಣಪಟ್ಟಿಯಲ್ಲಿ ಅವುಗಳ ನಂಬರ್ 641 ಮತ್ತು 638. ಹಾಗಂತ ಆ ನಂಬರಿನ ಬಣ್ಣವನ್ನು ಹಾಗೇ ಸುರಿಯಬೇಡಿ, ಪರದೆ ಮೇಲೆ ತೀರಾ ಕಪ್ಪಾಗಿ ಕಾಣುತ್ತದೆ. ಸ್ವಲ್ಪ ತಿಳಿ ಮಾಡಿ. ಬೆಳ್ಳಿ ಮೈ ಮಾತ್ರ ನಿಜಕ್ಕೂ ಕಷ್ಟ. ಬರಿ ಲೋಹಕ್ಕೆ ತನ್ನದೇ ಬಣ್ಣ ಕಮ್ಮಿ. ಮೇಲ್ಭಾಗದಲ್ಲಿ ಆಕಾಶ, ಕೆಳಗೆ ನೆಲ, ನಡುವೆ ಒಂದು ಗಾಢ ಪಟ್ಟಿ. ಒಂದೊಂದು ತಗಡಿನ ಹೊಳಪೂ ಬೇರೆ. ಎಂಜಿನ್ ಬೆಂಕಿ ಕಾರುವ ಕಡೆ ನೀಲಿ, ಕಂದು ಛಾಯೆ. ಬರಿ ಬೂದು ಬಳಿದರೆ ಸಿಮೆಂಟಿನ ವಿಮಾನ ಆಗುತ್ತದೆ.

ಗುರುತುಗಳಲ್ಲಿ ಕಾಲ ಇಣುಕುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ನಮ್ಮ ವಿಮಾನಗಳ ಚಕ್ರಗುರುತಿನಿಂದ, ಅಂದರೆ ಮೈಮೇಲಿನ ದುಂಡನೆಯ ದೇಶಗುರುತಿನಿಂದ, ಕೆಂಪನ್ನೇ ತೆಗೆದರು, ಜಪಾನಿನ ಕೆಂಪು ಸೂರ್ಯ ಅಂತ ಗುಂಡು ಹಾರಿಸಿಬಿಟ್ಟರೆ ಅಂತ. ಸ್ವಾತಂತ್ರ್ಯದ ನಂತರ ಸ್ವಲ್ಪ ಕಾಲ ನೀಲಿ ಅಶೋಕ ಚಕ್ರ ಇತ್ತು. 1950ರಿಂದ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಕಪ್ಪುಬಿಳುಪು ಫೋಟೋ ನೋಡಿ ಬಣ್ಣ ಹೇಳುವಾಗ ಇನ್ನೊಂದು ಎಚ್ಚರ ಬೇಕು. ಹಳೆಯ ಕೆಲವು ಫಿಲ್ಮ್‌ಗಳಿಗೆ ಕೆಂಪು ಕಾಣುತ್ತಿರಲಿಲ್ಲ, ಅದು ಕಪ್ಪಾಗಿ ಬರುತ್ತಿತ್ತು. ನೀಲಿ ತೀರಾ ಬೆಳ್ಳಗೆ ಬರುತ್ತಿತ್ತು. ಫೋಟೋಗೆ ತಾನಾಗಿ ಬಣ್ಣ ತುಂಬುವ ಆ್ಯಪ್‌ಗಳಿಗೆ ಇದೆಲ್ಲ ಗೊತ್ತಿಲ್ಲ. ಅವುಗಳ ಬಣ್ಣವನ್ನು ಆಧಾರ ಅಂತ ಹಿಡಿಯಬೇಡಿ.

ಕೊನೆಗೆ ಒಂದು ಕೇಳಿಕೆ, ಹಿರಿಯರಿಗೆ. ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ಪೆಟ್ಟಿಗೆಗಳಲ್ಲಿ ಸೇನೆಯ ಕಾಲದ ಆಲ್ಬಂಗಳಿವೆ. ನಮ್ಮ ಮಳೆಗಾಲ ಅವನ್ನು ವರ್ಷವರ್ಷ ತಿನ್ನುತ್ತಿದೆ. ಬೂಷ್ಟು ಹಿಡಿಯುವ ಮುಂಚೆ ಸ್ಕ್ಯಾನ್ ಮಾಡಿಸಿ, 600 ಡಿಪಿಐ ಇರಲಿ. ಅಂಚು ಕತ್ತರಿಸಬೇಡಿ, ಅಜ್ಜನ ಬೆನ್ನ ಹಿಂದೆ ಅರ್ಧ ಕಾಣುವ ಬಾಲದಲ್ಲೇ ನಂಬರ್ ಇರಬಹುದು. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಊರು ತಾರೀಕು ಅಲ್ಲೇ ಬರೆದಿರುತ್ತಾರೆ. ಮೂಲ ಪ್ರತಿ ಮನೆಯಲ್ಲೇ ಇರಲಿ, ಯಾರಿಗೂ ಕೊಡಬೇಡಿ, ನನಗೂ ಬೇಡ.

ಲ್ಯಾಪ್‌ಟಾಪ್ ತಂದಿರುವ ಹುಡುಗರು ಮುಂದಿನ ಸಾಲಿಗೆ ಬನ್ನಿ. ಹಂಟರ್‌ನ ಮೂತಿಯಿಂದ ಶುರು ಮಾಡೋಣ.