ಬಾವಿ ಪಕ್ಕ ಮಷೀನಿನ ಪರೀಕ್ಷೆ

ಕೇಳುಗರಿಗೆ ನಮಸ್ಕಾರ. ನಮ್ಮ ವಿಜಯಪುರ ಕಡೆ ಬೋರ್ ಹಾಕಿಸೋದು ಅಂದ್ರೆ ಒಂಥರಾ ಜೂಜು, ಅಲ್ವಾ? ಮೇಲೆ ಎರೆ ಮಣ್ಣು, ಕೆಳಗೆ ಗರಸು, ಅದಕ್ಕೂ ಕೆಳಗೆ ಕರಿಕಲ್ಲು. ತೆಂಗಿನಕಾಯಿ ಹಿಡಿದು ನೀರು ತೋರಿಸುವವರ ಜೊತೆಗೆ ಈಗ ಮಷೀನಿನವರೂ ಬರುತ್ತಾರೆ. ನಾಲ್ಕು ಸರಳು ಸಾಲಾಗಿ ನೆಟ್ಟು, ಹೊರಗಿನ ಎರಡರಲ್ಲಿ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಸರಳು ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ಒಣ ಕಲ್ಲು ಕರೆಂಟನ್ನು ತಡೆಯುತ್ತದೆ, ನೀರು ಕುಡಿದ ಗರಸು ಬಿಡುತ್ತದೆ. ಆದರೆ ಜೇಡಿಯೂ ಬಿಡುತ್ತದೆ, ಸವಳು ನೀರೂ ಬಿಡುತ್ತದೆ. ಎಡವೋದು ಅಲ್ಲೇ.

ಹೋದ ಬೇಸಿಗೆ ನಮ್ಮ ಕಾಕಾ ಮಷೀನಿನವರನ್ನು ಮೊದಲು ಹಳೆ ಬಾವಿ ಹತ್ತಿರ ಕರೆದುಕೊಂಡು ಹೋದರು. "ಒಳಗ ಏನೈತಿ ನನಗ ಗೊತ್ತೈತ್ರಿ, ನಿಮ್ಮ ಮಷೀನಿಗೆ ಗೊತ್ತೈತೇನು ನೋಡೂಣು" ಅಂದರು. ಬಾವಿಯ ಗೋಡೆಯಲ್ಲಿ ಎರೆ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು, ಎಲ್ಲಾ ಕಣ್ಣಿಗೇ ಕಾಣುತ್ತದೆ. ಸ್ವಲ್ಪ ದೂರ ಸರಿದೇ ಅಳೆಯಬೇಕು ಅಷ್ಟೆ, ದಂಡೆಗೇ ನೆಟ್ಟರೆ ಬಾವಿಯ ಖಾಲಿ ಜಾಗವೇ ಅಳತೆ ಕೆಡಿಸುತ್ತದೆ.

ಮೊದಲ ಸಲ ನಂಬರು ನಿಲ್ಲಲೇ ಇಲ್ಲ, ಏರಿತು, ಇಳಿಯಿತು. ಎರೆ ಬಿರುಕು ಬಿಟ್ಟಿತ್ತು, ಸರಳಿಗೆ ಮಣ್ಣು ತಾಗಿಲ್ಲ ಅಂತ ಬುಡಕ್ಕೆ ಉಪ್ಪುನೀರು ಸುರಿದರು. ಆದರೂ ಅದೇ ಕಥೆ. ಆಮೇಲೆ ಮಷೀನನ್ನು ಕರೆಂಟಿಗೆ ಸರಿಯಾಗಿ 10 ಓಮ್ ತಡೆ ಒಡ್ಡುವ ಸಣ್ಣ ಡಬ್ಬಿಗೆ ಜೋಡಿಸಿದರು (ಓಮ್ ಅಂದ್ರೆ ತಡೆಯ ಅಳತೆ). ಸರಿಯಾಗಿ 10 ತೋರಿಸಿತು. ಅಂದ್ರೆ ಮಷೀನು ಸರಿ ಇದೆ, ತಪ್ಪು ಹೊರಗೆಲ್ಲೋ ಇದೆ. ಹುಡುಕಿದರೆ ಒಂದು ವೈರಿನ ಕ್ಲಿಪ್ಪಿಗೆ ಜಂಗು! ತಿಕ್ಕಿ ಹಾಕಿದ ಮೇಲೆ ಲೆಕ್ಕ ಬಾವಿಯ ಗೋಡೆಗೆ ಹೆಚ್ಚುಕಮ್ಮಿ ಹೊಂದಿತು. ಸುಮ್ನೆ ಹೊಲದಲ್ಲೇ ಶುರು ಮಾಡಿದ್ದರೆ ಆ ಜಂಗೇ ನಮಗೆ ಬೋರಿನ ಜಾಗ ತೋರಿಸುತ್ತಿತ್ತು.

ದೊಡ್ಡ ದೊಡ್ಡ ಸಂಸ್ಥೆಯವರು ಮಾಡೋದೂ ಇದೇ, ಒಳಗೆ ಏನಿದೆ ಅಂತ ಗೊತ್ತಿರುವ ಕಡೆ ಮೊದಲು ಪರೀಕ್ಷೆ. ಕರೆಂಟ್ ಕಂಬ, ತಂತಿ ಬೇಲಿ ಇಲ್ಲದ ಜಾಗ ನೋಡಿ, ಪೈಪು, ಡ್ರಮ್ಮು ಅಳತೆ ಮಾಡಿ ಹೂತು, ಅದರ ಮೇಲೆ ಮಷೀನು ಓಡಿಸುತ್ತಾರೆ. ನೆಲದೊಳಗೆ ನೋಡುವ ರಾಡಾರ್ ಇದೆಯಲ್ಲ, ಅದರ ಅಲೆ ಗಾಳಿಯಲ್ಲಿ ಒಂದು ನ್ಯಾನೋಸೆಕೆಂಡಿಗೆ, ಅಂದ್ರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ, 30 ಸೆಂಟಿಮೀಟರ್ ಹೋಗುತ್ತದೆ, ಮಣ್ಣಿನಲ್ಲಿ ನಿಧಾನ. ಎಷ್ಟು ನಿಧಾನ ಅನ್ನೋದನ್ನು ಹೂತ ಪೈಪೇ ಹೇಳಿಕೊಡಬೇಕು. ನಮ್ಮ ಎರೆಯಲ್ಲಂತೂ ಅದು ಜಾಸ್ತಿ ಆಳ ಇಳಿಯೋದೇ ಇಲ್ಲ. ಅಮೆರಿಕದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಗೊತ್ತಿದ್ದಷ್ಟೇ ಬೆರೆಸಿದ ಕಾಂಕ್ರೀಟ್ ಹಾಸುಗಳಿವೆ, ವಿಕಿರಣ ಅಳೆಯುವ ಉಪಕರಣಗಳನ್ನು ಅಲ್ಲಿ ಸರಿಪಡಿಸಿಕೊಳ್ಳುತ್ತಾರೆ.

ನಮ್ಮ ಕಾಕಾ ಬಾವಿ ಪಕ್ಕ ಸರಳು ನೆಟ್ಟ ಜಾಗಕ್ಕೆಲ್ಲಾ ಕಲ್ಲು ಹುಗಿದಿದ್ದಾರೆ. ಮಳೆ ಬಿದ್ದರೆ ನಂಬರು ಬದಲಾಗುತ್ತದೆ ಅಂತ ತಿಂಗಳನ್ನೂ ಬರೆದಿಟ್ಟಿದ್ದಾರೆ. ಈ ಸಲ ಬೇರೆ ಮಷೀನು ಬರೋದಿದೆ. ಕಲ್ಲಿಗೆ ಬಳಿಯಲು ಸುಣ್ಣ ಕಲಸಿ ಆಗಿದೆ.