ತೋಟದ ದುಡ್ಡು ಬೇರೆ, ಹೋಂಸ್ಟೇ ದುಡ್ಡು ಬೇರೆ

ಕೇಳುಗರಿಗೆ ನಮಸ್ಕಾರ. ಕಾಫಿ ಕೊಯ್ಲು ಮುಗಿದು, ಒಣಗಿದ ಹಣ್ಣು, ಅಂದರೆ ಚೆರಿ, ಮೂಟೆಗೆ ಸೇರಿ, ವ್ಯಾಪಾರಿ ಲೆಕ್ಕ ತೀರಿಸಿದ ಮೇಲೆ ನಮ್ಮ ಕೊಡಗಿನ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: “ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ, ನಮಗ್ಯಾಕೆ ಆದಾಯ ತೆರಿಗೆ ರಿಟರ್ನ್ಸು?” ಮಾತು ಅರ್ಧ ಸರಿ. ಇನ್ನರ್ಧ ಎಡವಿಸುತ್ತದೆ. ಇವತ್ತು ನಾನು ಹೇಳುವುದು ಒಂದೇ ಸಂಗತಿ. ಯಾವ ದುಡ್ಡು ಯಾವುದರಿಂದ ಬಂತು ಅಂತ ಬೇರೆ ಬೇರೆ ಬರೆದಿಡಿ. ಹತ್ತು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಾಫಿಯ ವಿಷಯದಲ್ಲಿ, ಮಾರುವಾಗ ಅದು ಯಾವ ರೂಪದಲ್ಲಿತ್ತು ಎನ್ನುವುದೇ ಮುಖ್ಯ. ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರಿಯಾಗಿ ಮಾರಿದರೆ, ಇಲ್ಲವೇ ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನ ತಿರುಳು ತೆಗೆದು, ಒಳಸಿಪ್ಪೆಯಿರುವ ಪಾರ್ಚ್‌ಮೆಂಟ್ ಮಾರಿದರೆ, ಅದು ಪೂರ್ತಿ ಕೃಷಿ ಆದಾಯ. ಅದೇ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ, ಸಿಪ್ಪೆ ಬಿಡಿಸಿದ ಬೀಜವಾಗಿ ಮಾರಿದಿರೋ, ಲಾಭದಲ್ಲಿ ಶೇಕಡಾ 25 ವ್ಯಾಪಾರದ ಆದಾಯ, 75 ಕೃಷಿಯದು. ಹುರಿದು ಪುಡಿ ಮಾಡಿ ಮಾರಿದರೆ 40 ವ್ಯಾಪಾರ, 60 ಕೃಷಿ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಇದು 7ಬಿ ನಿಯಮ. ನೀವೇ ಬೆಳೆದ ಕಾಫಿಗೆ ಮಾತ್ರ ಈ ಹಂಚಿಕೆ. ಪಕ್ಕದ ತೋಟದವರ ಚೆರಿ ಕೊಂಡು ಮಾರಿದರೆ ಅದು ಪೂರಾ ವ್ಯಾಪಾರ. ಕರಿಮೆಣಸು ಒಣಗಿಸಿ ಮಾರಿದ್ದು ಕೃಷಿ ಆದಾಯವೇ, ಅದರಲ್ಲಿ ಗೊಂದಲ ಬೇಡ. ಹೋಂಸ್ಟೇ ಮಾತ್ರ, ಅದು ತೋಟದ ನಡುವೆಯೇ ಇರಲಿ, ಕೃಷಿ ಅಲ್ಲ.

ಸಿದ್ದಾಪುರದ ಕಡೆಯ ಒಬ್ಬ ಬೆಳೆಗಾರರ ಲೆಕ್ಕ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ. 2025-26ನೇ ಸಾಲು. ಚೆರಿ ಮಾರಿ ಖರ್ಚು ಕಳೆದು 8 ಲಕ್ಷ ಉಳಿಯಿತು. ಒಂದಿಷ್ಟು ಮೂಟೆ ಕ್ಯೂರಿಂಗ್ ಮಾಡಿಸಿ ಮಾರಿದ್ದರಲ್ಲಿ 6 ಲಕ್ಷ ಲಾಭ. ಅತಿಥಿಗಳಿಗೆ ಪೊಟ್ಟಣ ಕಟ್ಟಿ ಮಾರಿದ ಪುಡಿಯಲ್ಲಿ 1 ಲಕ್ಷ. ಹೋಂಸ್ಟೇಯಲ್ಲಿ ಖರ್ಚು ಕಳೆದು 3 ಲಕ್ಷ. ಎಲ್ಲವೂ ಒಂದೇ ಉಳಿತಾಯ ಖಾತೆಗೆ! ಚೆರಿಯ ದುಡ್ಡಂತೂ ನಗದು, ಕಂತು ಕಂತಾಗಿ 11 ಲಕ್ಷ ಕಟ್ಟಿದ್ದಾರೆ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ನಗದು ಬಿದ್ದರೆ ಬ್ಯಾಂಕು ಇಲಾಖೆಗೆ ತಿಳಿಸಲೇಬೇಕು. ಅತ್ತ ಆನ್‌ಲೈನ್ ಬುಕಿಂಗ್ ಕಂಪನಿ, ತನ್ನ ಮೂಲಕ ಬಂದ 7 ಲಕ್ಷಕ್ಕೆ ಶೇಕಡಾ 0.1ರಂತೆ 700 ರೂಪಾಯಿ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ, ಹಿಡಿದು ಅದನ್ನೂ ವರದಿ ಮಾಡಿದೆ. ಇವರು ರಿಟರ್ನ್ಸ್ ಹಾಕಿಲ್ಲ. ಇಲಾಖೆಯಿಂದ ನೋಟಿಸು ಬಂತು: ಈ 11 ಲಕ್ಷ ಎಲ್ಲಿಯದು?

ಅವರ ಬಳಿ ಇದ್ದದ್ದೇನು? ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದ ಮೂಟೆಗಳ ಸಂಖ್ಯೆ. ವ್ಯಾಪಾರಿಯ ಬಿಲ್ಲಿಲ್ಲ, ತೂಕದ ಚೀಟಿಯಿಲ್ಲ. ಕೃಷಿ ಆದಾಯ ಅಂತ ತೋರಿಸುವ ಹೊಣೆ ನಿಮ್ಮದು, ಅಧಿಕಾರಿಯದಲ್ಲ. ಪಹಣಿ ಇದ್ದರೆ ತೋಟ ಇದೆ ಅಂತ ಗೊತ್ತಾಗುತ್ತದೆ, ಕಾಫಿ ಮಾರಿದ್ದೀರಿ ಅಂತ ಗೊತ್ತಾಗುವುದಿಲ್ಲ.

ಈಗ ನೋಡಿ, ನಿಜವಾಗಿ ಕಟ್ಟಬೇಕಾದ ತೆರಿಗೆ ಎಷ್ಟಿತ್ತು? ಕ್ಯೂರಿಂಗ್ ಲಾಭದ ಕಾಲು ಭಾಗ ಒಂದೂವರೆ ಲಕ್ಷ, ಪುಡಿಯದು 40 ಸಾವಿರ, ಹೋಂಸ್ಟೇ 3 ಲಕ್ಷ. ಒಟ್ಟು 4 ಲಕ್ಷ 90 ಸಾವಿರ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಮಿಕ್ಕ 90 ಸಾವಿರಕ್ಕೆ ಶೇಕಡಾ 5 ಅಂದುಕೊಂಡರೆ ತಪ್ಪು. ಕೃಷಿ ಆದಾಯ 13 ಲಕ್ಷ 10 ಸಾವಿರವನ್ನು ದರ ಗೊತ್ತುಮಾಡುವುದಕ್ಕೆ ಸೇರಿಸುತ್ತಾರೆ. ಆಗ ಆ 90 ಸಾವಿರ ಶೇಕಡಾ 20ರ ಹಂತಕ್ಕೆ ಹೋಗಿ 18 ಸಾವಿರ ಆಗುತ್ತದೆ. ಆದರೆ ಕೃಷಿ ಬಿಟ್ಟು ಉಳಿದ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆಯಲ್ಲಿ 60 ಸಾವಿರದವರೆಗೆ ರಿಯಾಯಿತಿ ಇದೆ. ಆ 18 ಸಾವಿರವೂ ಹೋಯಿತು. ಕಟ್ಟಬೇಕಾದ್ದು ಸೊನ್ನೆ! ಮೇಲೆ 700 ರೂಪಾಯಿ ವಾಪಸ್ ಬರಬೇಕಿತ್ತು. ಸೊನ್ನೆ ತೆರಿಗೆಯ ಮನುಷ್ಯ ಚೀಟಿ ಇಲ್ಲದೆ ವಕೀಲರ ಮನೆ ಬಾಗಿಲು ಕಾಯುವಂತಾಯಿತು. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಹಾಗಾದರೆ ಮಾಡಬೇಕಾದ್ದು ಇಷ್ಟು. ಎರಡು ಬ್ಯಾಂಕ್ ಖಾತೆ ಇಡಿ, ತೋಟಕ್ಕೊಂದು, ಹೋಂಸ್ಟೇಗೊಂದು. ವ್ಯಾಪಾರಿಯಿಂದ ಬಿಲ್ಲು ಕೇಳಿ. ಅದರಲ್ಲಿ ದಿನಾಂಕ, ಎಷ್ಟು ಮೂಟೆ, 50 ಕೆ.ಜಿ. ಮೂಟೆಗೆ ಔಟ್‌ಟರ್ನ್, ಅಂದರೆ ಸಿಗುವ ಬೀಜ, ಎಷ್ಟು, ದರ ಎಷ್ಟು, ಎಲ್ಲ ಇರಲಿ. “ಪರಿಚಯದವರು, ಬಿಲ್ಲು ಕೇಳೋದು ಹೇಗೆ” ಅನ್ನಬೇಡಿ, ಪರಿಚಯದವರ ಹತ್ತಿರವೇ ಕೇಳುವುದು ಸುಲಭ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳಬೇಡಿ. ತೆಗೆದುಕೊಂಡವರಿಗೇ ಅಷ್ಟೇ ಮೊತ್ತದ ದಂಡ. ಕ್ಯೂರಿಂಗ್‌ಗೆ ಹೋದ ಮೂಟೆ ಎಷ್ಟು, ಬೀಜವಾಗಿ ಬಂದದ್ದೆಷ್ಟು, ಅದರಲ್ಲಿ ಹುರಿಯಲು ತೆಗೆದದ್ದೆಷ್ಟು, ಒಂದು ಪುಸ್ತಕದಲ್ಲಿ ಬರೆಯಿರಿ. ತೋಟದ ಗೊಬ್ಬರ, ಕೂಲಿ, ಮಣ್ಣೆತ್ತುವ ಖರ್ಚನ್ನು ಚೆರಿಗೂ ಕ್ಯೂರಿಂಗ್‌ಗೂ ಮೂಟೆಗಳ ಲೆಕ್ಕದಲ್ಲಿ ಹಂಚಿ. ಸತ್ತ ಕಾಫಿ ಗಿಡದ ಜಾಗಕ್ಕೆ ಹೊಸದು ನೆಟ್ಟ ಖರ್ಚನ್ನೂ 7ಬಿ ಲೆಕ್ಕದಲ್ಲಿ ಕಳೆಯಬಹುದು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೋಂಸ್ಟೇ ಅಡುಗೆ ಸಾಮಾನು ತೋಟದ ಖರ್ಚಲ್ಲ, ಅದನ್ನು ಅಲ್ಲಿಗೇ ಬರೆಯಿರಿ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಕೃಷಿ ಆದಾಯ 5 ಸಾವಿರ ದಾಟಿದರೆ ಸಹಜ್, ಸುಗಮ್ ಎನ್ನುವ ಸಣ್ಣ ಫಾರಂಗಳು ನಡೆಯುವುದಿಲ್ಲ. ವ್ಯಾಪಾರದ ಆದಾಯ ಇರುವವರಿಗೆ ಐಟಿಆರ್ 3. ಹಾಕುವ ಮೊದಲು ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ, ತೆರೆದು ನೋಡಿ, ಬ್ಯಾಂಕು ಮತ್ತು ಬುಕಿಂಗ್ ಕಂಪನಿ ಏನು ವರದಿ ಮಾಡಿವೆ ಅಂತ ಅಲ್ಲಿರುತ್ತದೆ. ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ಸ್ ಹಾಕಬೇಕು. ತಡವಾದರೆ ಆದಾಯ 5 ಲಕ್ಷದೊಳಗಿದ್ದವರಿಗೆ 1,000, ಮೇಲಿನವರಿಗೆ 5,000 ರೂಪಾಯಿ ಶುಲ್ಕ. ಜಿಎಸ್‌ಟಿ ಕೇಳುವವರಿಗೆ: ಹೋಂಸ್ಟೇ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5.

ಈ ವಾರವೇ ಬ್ಯಾಂಕಿಗೆ ಹೋಗಿ ಎರಡನೇ ಖಾತೆ ತೆರೆಯಿರಿ, ಪ್ಯಾನ್ ಮತ್ತು ಆಧಾರ್ ಜೊತೆಗಿರಲಿ. ನಮಸ್ಕಾರ.