ಸಾಂತಾ ಮೋನಿಕಾ ಕನ್ಯಾಮಠ

ಕೇಳುಗರಿಗೆ ನಮಸ್ಕಾರ.

ತುಮಕೂರಿನಿಂದ ಗೋವಾಕ್ಕೆ ಹೊರಡುವ ಪ್ರವಾಸಿ ಬಸ್ಸುಗಳು ಹಳೆ ಗೋವಾದಲ್ಲಿ ನಿಲ್ಲುವುದು ಹೆಚ್ಚೆಂದರೆ ಒಂದು ಗಂಟೆ. ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಬೆಳ್ಳಿಯ ಪೆಟ್ಟಿಗೆ, ರಸ್ತೆ ದಾಟಿದರೆ ಸೇ ಕೆಥೆಡ್ರಲ್, ಹುಲ್ಲುಹಾಸಿನ ಮೇಲೊಂದು ಗುಂಪು ಫೋಟೊ. ಅಷ್ಟರಲ್ಲಿ ಚಾಲಕ ಹಾರ್ನ್ ಹೊಡೆಯತೊಡಗುತ್ತಾನೆ. ಅವನ ಮನಸ್ಸೆಲ್ಲ ಕಡಲತೀರದ ಕಡೆ, ಪ್ರಯಾಣಿಕರ ಮನಸ್ಸೂ ಅಷ್ಟೆ. ಬೆಸಿಲಿಕಾದಿಂದ ಸ್ವಲ್ಪವೇ ದೂರದಲ್ಲಿ ಪಶ್ಚಿಮಕ್ಕೆ ಒಂದು ದಿಬ್ಬವಿದೆ. ಪೋರ್ಚುಗೀಸರು ಅದನ್ನು ಮೊಂತೆ ಸಾಂತೊ, ಅಂದರೆ ಪವಿತ್ರ ಬೆಟ್ಟ ಎಂದು ಕರೆದರು. ಮಧುಗಿರಿಯ ಏಕಶಿಲೆಯನ್ನು ನೋಡಿ ಬೆಳೆದ ನಮ್ಮವರು ಅದನ್ನು ಬೆಟ್ಟವೆಂದು ಒಪ್ಪುವುದು ಕಷ್ಟ. ಆದರೂ ಅದನ್ನು ಹತ್ತಬೇಕು. ಈ ಹೊತ್ತು ನಾನು ಹೇಳಲು ಹೊರಟಿರುವುದು ಆ ದಿಬ್ಬದ ಮೇಲಿನ ಸಾಂತಾ ಮೋನಿಕಾ ಕನ್ಯಾಮಠದ ವಿಷಯ.

ಮೇಲೆ ಹೋದೊಡನೆ ಕಣ್ಣಿಗೆ ಬೀಳುವುದು ಕನ್ಯಾಮಠವಲ್ಲ, ಅದರ ನೆರೆಯಲ್ಲಿರುವ ಸಂತ ಆಗಸ್ಟೀನರ ಮಠದ ಪಾಳು. ಅರ್ಧ ಉರುಳಿಯೂ 46 ಮೀಟರ್ ಎತ್ತರಕ್ಕೆ ನಿಂತಿರುವ ಗೋಪುರ, ಸುತ್ತ ಮೊಣಕಾಲೆತ್ತರದ ಗೋಡೆಗಳು, ನೆಲದಲ್ಲಿ ಸಮಾಧಿಕಲ್ಲುಗಳು. ಜಾರ್ಜಿಯಾ ದೇಶದ ರಾಣಿ ಕೆತೆವಾನಳ ಅಸ್ಥಿಯ ಅವಶೇಷ ಸಿಕ್ಕಿದ್ದು ಇಲ್ಲಿಯೇ. ಅದು ಬೇರೆಯೇ ಕಥೆ, ಇನ್ನೊಂದು ಭಾಷಣಕ್ಕಾಗುತ್ತದೆ. ಪಾಳಿಗೆ ಬೆನ್ನು ಮಾಡಿ ತಿರುಗಿದರೆ ಮೂರು ಅಂತಸ್ತಿನ ಇಡಿಯಾದ ಕಟ್ಟಡ ಕಾಣುತ್ತದೆ. ಹೊರಗಿನಿಂದ ಗೋಡೆಗೆ ಆಸರೆ ಕೊಟ್ಟು ಕಟ್ಟಿದ ಭಾರಿ ಆನಿಕೆಗಳು, ಒಳಗೆ ಜೀವಂತ ಸಂಸ್ಥೆ. ಎರಡೂ ಆಗಸ್ಟೀನರ ಪಂಥಕ್ಕೇ ಸೇರಿದವು. ಎರಡಕ್ಕೂ ಅದೇ ಜಂಬಿಟ್ಟಿಗೆ ಕಲ್ಲು, ಅದೇ ಸುಣ್ಣದ ಗಾರೆ, ಅದೇ ಮಳೆ. ಗಂಡಸರ ಮಠ ನೆಲಕಚ್ಚಿತು, ಹೆಂಗಸರ ಮಠ ಉಳಿಯಿತು. ಏಕೆ?

ಹಿಂದಿನಿಂದ ಬರೋಣ. ಗೋವಾದ ಆರ್ಚ್‌ಬಿಷಪ್ ಅಲೇಶೊ ದ ಮೆನೆಝೆಸ್ ಸ್ವತಃ ಆಗಸ್ಟೀನರ ಪಂಥದವರು. 1606ರಲ್ಲಿ ಅವರು ಈ ಕನ್ಯಾಮಠಕ್ಕೆ ಅಡಿಗಲ್ಲು ಹಾಕಿದರು, 1627ರಲ್ಲಿ ಕೆಲಸ ಮುಗಿಯಿತು. ಏಷ್ಯಾದ ಪೋರ್ಚುಗೀಸ್ ನೆಲದಲ್ಲಿ ಅಂಥದ್ದು ಅದೇ ಮೊದಲನೆಯದು. ಮೊದಲ ಮುಖ್ಯಸ್ಥೆ ಫಿಲಿಪಾ ದ ತ್ರಿಂದಾದ್ ಎಂಬ ವಿಧವೆ. 1636ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು, ಮರುವರ್ಷವೇ ಮತ್ತೆ ಎದ್ದು ನಿಂತಿತು. ಅದೇ 1636ರಲ್ಲಿ ಇಲ್ಲಿನ ಶಿಲುಬೆಯ ಮೇಲಿನ ಯೇಸು ಕಣ್ಣು ತೆರೆದನೆಂದೂ ಗಾಯಗಳಿಂದ ರಕ್ತ ಹರಿಯಿತೆಂದೂ ಭಕ್ತರ ನಂಬಿಕೆ. ಆ ಶಿಲುಬೆಗೆ ಇಂದಿಗೂ ಹರಕೆ ಹೊತ್ತವರು ಬರುತ್ತಾರೆ.

ಆದರೆ ಆ ಕಾಲದ ನಗರಸಭೆಯವರ ತಲೆಬಿಸಿ ಪವಾಡದ್ದಲ್ಲ, ದುಡ್ಡಿನದು. ಸಿರಿವಂತ ಮನೆತನದ ಹೆಣ್ಣುಮಕ್ಕಳು ಮಠ ಸೇರುವಾಗ ವರದಕ್ಷಿಣೆಯನ್ನು ಒಯ್ಯಬೇಕಿತ್ತು. ಗಂಡನ ಮನೆಗೆ ಹೋಗಬೇಕಾದ ಹಣ ಮಠದ ಪೆಟ್ಟಿಗೆಗೆ ಹೋಯಿತು. ಹೀಗೇ ಆದರೆ ಊರಿನ ಸಂಪತ್ತೆಲ್ಲ ಒಳಗೆ ಸೇರಿಹೋಗುತ್ತದೆ, ಸೈನಿಕರಿಗೂ ಶ್ರೀಮಂತರಿಗೂ ಮದುವೆಯಾಗಲು ಹೆಣ್ಣು ಸಿಗುವುದಿಲ್ಲ ಎಂದು ಅವರು ಪೋರ್ಚುಗಲ್‌ನ ದೊರೆಗೆ ದೂರು ಬರೆದರು. ಮಠವೂ ಸುಮ್ಮನಿರಲಿಲ್ಲ, ಭೂಮಿ ಕೊಂಡಿತು, ಹುಟ್ಟುವಳಿ ಎಣಿಸಿತು. ಲೆಕ್ಕಪತ್ರ ಬಲ್ಲ ಹೆಂಗಸರನ್ನು ಕಂಡು ಗಂಡಸರು ಗಾಬರಿಯಾದ ಆ ಪ್ರಸಂಗ ನೆನೆದರೆ ನನಗೆ ಒಳಗೊಳಗೇ ನಗು ಬರುತ್ತದೆ. ಹಾಗೆಂದು ಒಳಗೆ ಸಮಾನತೆಯೇನೂ ಇರಲಿಲ್ಲ. ಹೆಚ್ಚು ವರದಕ್ಷಿಣೆ ತಂದವರಿಗೆ ಕಪ್ಪು ಮುಸುಕು, ಕಡಿಮೆ ತಂದವರಿಗೆ ಬಿಳಿ ಮುಸುಕು. ನೀರು ಹೊತ್ತು ಅಡುಗೆ ಮಾಡಲು ಊಳಿಗದವರು, ಗುಲಾಮರು. ಈ ನೆಲದ ಹೆಣ್ಣುಮಕ್ಕಳಿಗೆ ಯಾವ ಸಾಲು ಸಿಕ್ಕಿತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಡದ ಲೆಕ್ಕಾಚಾರವೆಲ್ಲ ಒಂದೇ ಉದ್ದೇಶಕ್ಕೆ: ಒಳಗಿನವರು ಹೊರಗಿನವರಿಗೆ ಕಾಣಬಾರದು. ನಮ್ಮ ತೊಟ್ಟಿಮನೆಯಂತೆ ಇಡೀ ಕಟ್ಟಡ ನಡುವಿನ ಅಂಗಳದತ್ತ ಮುಖ ಮಾಡಿದೆ. ಸುತ್ತಲೂ ಕಮಾನಿನ ಮೊಗಸಾಲೆ, ಗಾಳಿ ಬೆಳಕೆಲ್ಲ ಅಲ್ಲಿಂದಲೇ. ಪೂಜೆಯ ಹೊತ್ತಿಗೆ ಊರ ಜನ ಚರ್ಚಿನ ಸಭಾಂಗಣದಲ್ಲಿ ಕೂತರೆ, ಸನ್ಯಾಸಿನಿಯರು ಬೇರೆಯೇ ಭಾಗದಲ್ಲಿ ಜಾಲಂಧ್ರದ ಹಿಂದೆ. ಹಾಡು ಕೇಳಿಸಬೇಕು, ಹಾಡುವವರು ಕಾಣಿಸಬಾರದು.

ಈ ಚರ್ಚಿನ ಭಾಗದಲ್ಲೇ ಈಗ ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯವಿದೆ. ಮೊದಲು ರಾಶೋಲ್ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳಾಗುವವರು ಓದುವ ಶಾಲೆಯಲ್ಲಿ, ಇದ್ದದ್ದನ್ನು ಇಲ್ಲಿಗೆ ತಂದರು. ಎಲ್ಲವನ್ನೂ ನೋಡಲು ಹೋಗಬೇಡಿ, ಒಂದರ ಮುಂದೆ ನಿಲ್ಲಿ. ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಇಡುವ ಪಾತ್ರೆ ಅದು. ಗೋಳದ ಮೇಲೆ ನಿಂತ ಹೆಜ್ಜಾರ್ಲೆ ಹಕ್ಕಿ ಕೊಕ್ಕಿನಿಂದ ತನ್ನ ಎದೆಯನ್ನೇ ಬಗೆದು ಮರಿಗಳಿಗೆ ರಕ್ತ ಉಣಿಸುತ್ತಿದೆ, ಪ್ರಸಾದ ಇಡುವ ಜಾಗ ಆ ಎದೆಯಲ್ಲೇ. ಕ್ರಿಸ್ತನ ತ್ಯಾಗಕ್ಕೆ ಯುರೋಪಿನವರು ಕೊಟ್ಟ ಸಂಕೇತವದು. ಚರ್ಚಿನ ವಸ್ತುಗಳನ್ನು ಹಿಂದೂ ಕುಶಲಕರ್ಮಿಗಳಿಂದ ಮಾಡಿಸಬಾರದೆಂದು 1567ರಲ್ಲೇ ಗೋವಾದ ಧರ್ಮಸಭೆ ಕಟ್ಟಳೆ ಮಾಡಿತ್ತು. ಕಟ್ಟಳೆ ಕಾಗದದ ಮೇಲೆ ಉಳಿಯಿತು, ಕೆಲಸ ಕೈಚಳಕ ಇದ್ದವರಿಗೇ ಹೋಯಿತು. ಇಲ್ಲಿನ ಬೆಳ್ಳಿ, ದಂತ, ಮರದ ಕೆತ್ತನೆಯ ಬಳ್ಳಿಗಳನ್ನೂ ಹೂಗಳನ್ನೂ ಕಂಡರೆ ನಮ್ಮ ಗುಡಿಗಳ ಬಾಗಿಲವಾಡ ನೋಡಿದ ಕಣ್ಣಿಗೆ ಗುರುತು ಹತ್ತುತ್ತದೆ.

ಇನ್ನು ಗಂಡಸರ ಮಠ ಬಿದ್ದು ಹೆಂಗಸರ ಮಠ ಉಳಿದದ್ದೇಕೆ ಎಂಬ ಆ ಪ್ರಶ್ನೆಗೆ ಬರುತ್ತೇನೆ. 1834ರಲ್ಲಿ ಪೋರ್ಚುಗಲ್ ಸರ್ಕಾರ ಧಾರ್ಮಿಕ ಪಂಥಗಳನ್ನು ರದ್ದು ಮಾಡಿತು. ಮರುವರ್ಷ ಆ ಆಜ್ಞೆ ಗೋವಾಕ್ಕೂ ಬಂತು. ಗಂಡಸರು ಮಠ ಬಿಟ್ಟು ಹೊರಡಬೇಕಾಯಿತು. ಆಗಸ್ಟೀನರ ಮಠ ಹಾಳುಬಿತ್ತು, 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು, 1931ರಲ್ಲಿ ಗೋಪುರದ ಮುಂಭಾಗ ಉರುಳಿತು. ಸನ್ಯಾಸಿನಿಯರಿಗೆ ಮಾತ್ರ ಬೇರೆ ನಿಯಮ: ಇರುವವರು ಇರಬಹುದು, ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಅವರು ಮುದುಕಿಯರಾಗುತ್ತ, ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಬಂದರು. ಕೊನೆಯಾಕೆ ತೀರಿಕೊಂಡದ್ದು 1885ರಲ್ಲಿ. ಆ ಅರ್ಧ ಶತಮಾನ ಬಾಗಿಲು ಹಾಕಿ ತೆಗೆಯುವವರಿದ್ದರು, ಸೋರುವ ಸೂರು ನೋಡಿ ಹೆಂಚು ಹೊದಿಸಲು ಹೇಳುವವರಿದ್ದರು. ಜಂಬಿಟ್ಟಿಗೆ ನಮ್ಮ ಕಣಶಿಲೆಯಲ್ಲ. ಗಾರೆ ಬಿದ್ದುಹೋದರೆ ಮಳೆನೀರು ಕುಡಿದು ಉದುರುತ್ತದೆ. ಕರುಣೆಯೆಂದೋ ಕ್ರೌರ್ಯವೆಂದೋ ಹೇಳಲಾಗದ ಆ ನಿಯಮವೇ ಕಟ್ಟಡವನ್ನು ಉಳಿಸಿತೆಂದು ನನ್ನ ಎಣಿಕೆ. ಆಮೇಲೆ ಸೈನಿಕರು ಅಲ್ಲಿ ಬಿಡಾರ ಹೂಡಿದರು. 1964ರಿಂದ ಅದು ಮಾತೆರ್ ದೇಯಿ ಸಂಸ್ಥೆ, ಸನ್ಯಾಸಿನಿಯರು ದೇವತಾಶಾಸ್ತ್ರ ಓದುವ ಜಾಗ.

ಹಾಗಾಗಿ ಕನ್ಯಾಮಠದ ಒಳಭಾಗ ಎಲ್ಲರಿಗೂ ತೆರೆದಿಲ್ಲ, ಅಲ್ಲಿ ಪಾಠ ನಡೆಯುತ್ತಿರುತ್ತದೆ. ಹೊರಗೋಡೆ, ಚರ್ಚು, ವಸ್ತುಸಂಗ್ರಹಾಲಯ, ಎದುರಿನ ಪಾಳು ಇವಿಷ್ಟಕ್ಕೇ ಎರಡು ಗಂಟೆ ಬೇಕು. ಭುಜ ಮುಚ್ಚುವ ಬಟ್ಟೆ ಇರಲಿ. ರೈಲಿನಲ್ಲಿ ಹೋಗುವವರಿಗೆ ಹಳೆ ಗೋವಾಕ್ಕೆ ಹತ್ತಿರದ ನಿಲ್ದಾಣ ಕರ್ಮಲಿ, ಪಣಜಿಯಿಂದಲಾದರೆ ಹತ್ತು ಕಿಲೋಮೀಟರ್ ಬಸ್ಸು. ಪ್ರವಾಸಿ ಬಸ್ಸಿನವರೊಂದಿಗೆ ಹೋಗುವವರು ಮಾತ್ರ ಈ ಎರಡು ಗಂಟೆಯ ಮಾತನ್ನು ಮುಂಗಡ ಕೊಡುವ ಮೊದಲೇ ಆಡಿ ಮುಗಿಸಿಕೊಳ್ಳಿ. ಹಳೆ ಗೋವಾ ತಲುಪಿದ ಮೇಲೆ ಕೇಳಿದರೆ ಯಾವ ಚಾಲಕನೂ ಒಪ್ಪುವುದಿಲ್ಲ.

ನಮಸ್ಕಾರ.